ಕೆಳೆಯನೂ ನಂಟನೂ: ಆಪ್ತತೆಯ ಮಾತುಗಳ ಚರಿತ್ರೆ

ಒಂದು ಜನಾಂಗವು ತನ್ನ ಆಪ್ತರನ್ನು ಯಾವ ಮಾತಿನಿಂದ ಕರೆಯಿತೆಂಬುದನ್ನು ಅರಿತರೆ, ಅದು ತನ್ನ ವಿಶ್ವಾಸವನ್ನು ಎಲ್ಲಿ ಇರಿಸಿತ್ತೆಂಬುದೂ ತಿಳಿದುಬರುವುದು. ನಂಬಿಕೆಯು ರಕ್ತಸಂಬಂಧದಿಂದ ಬಂದುದೊ, ಉಂಡ ಅನ್ನದ ಋಣದಿಂದ ಬಂದುದೊ, ಇವೆರಡನ್ನೂ ಮೀರಿದ ಮತ್ತೊಂದು ಬಾಂಧವ್ಯದಿಂದ ಬಂದುದೊ? ಕನ್ನಡದ ಮಟ್ಟಿಗೆ ಈ ಪ್ರಶ್ನೆಗೆ ‘ಕೆಳೆಯ’ ಎಂಬ ಶಬ್ದದ ಚರಿತ್ರೆಯು ಉತ್ತರವನ್ನು ಕೊಡುವುದೆಂಬುದು ನಮ್ಮ ಅಭಿಪ್ರಾಯ.

ಮೊದಲು ಸಂಸ್ಕೃತದಿಂದ ಬಂದ ಶಬ್ದಗಳನ್ನು ನೋಡೋಣ. ‘ಮಿತ್ರ’ ಶಬ್ದಕ್ಕೆ ಸಂವಾದಿಯಾದ ಅವೆಸ್ತಾ ಭಾಷೆಯ ಪದಕ್ಕೆ ಒಡಂಬಡಿಕೆಯೆಂಬ ಅರ್ಥವುಂಟು. ಋಗ್ವೇದದ ಮಿತ್ರದೇವತೆಯೂ ಒಪ್ಪಂದವನ್ನು ಕಾಯುವವನೇ. ‘ಸುಹೃತ್’ ಎಂದರೆ ಒಳ್ಳೆಯ ಹೃದಯವುಳ್ಳವನು. ‘ಆಪ್ತ’ನು ನಂಬಲರ್ಹನಾದವನು, ಅಂತಹನ ಮಾತನ್ನು ನ್ಯಾಯಶಾಸ್ತ್ರವು ಪ್ರಮಾಣವೆಂದೇ ಅಂಗೀಕರಿಸಿದೆ. ಹೀಗೆ ಒಂದರಲ್ಲಿ ಒಪ್ಪಂದವೂ, ಒಂದರಲ್ಲಿ ಮನಸ್ಸೂ, ಇನ್ನೊಂದರಲ್ಲಿ ವಿಶ್ವಾಸಾರ್ಹತೆಯೂ ಮುಖ್ಯವಾಗಿವೆ.

ದ್ರಾವಿಡ ಶಬ್ದಗಳ ಹಾದಿಯೇ ಬೇರೆ. ನಮ್ಮ ‘ಕೆಳೆ’ಗೆ ಸಂವಾದಿಯಾಗಿ ತಮಿಳಿನಲ್ಲಿ ‘ಕೇಳ್’, ‘ಕಿಳೈ’ ಎಂಬ ರೂಪಗಳಿವೆ. ಇವುಗಳಲ್ಲಿ ಮೊದಲನೆಯದಕ್ಕೆ ಬಂಧುವೆಂದೂ ಸ್ನೇಹಿತನೆಂದೂ ಎರಡರ್ಥ. ‘ಕಿಳೈ’ ಎಂಬುದು ಬಂಧುವರ್ಗವನ್ನು ಹೇಳುವುದು. ಇತ್ತ ನಮ್ಮ ‘ನಣ್ಪು’, ‘ನಂಟು’ಗಳಿಗೆ ತಮಿಳಿನ ‘ನಣ್ಬು’, ‘ನಟ್ಪು’ಗಳು ಸಂವಾದಿಗಳು; ತಿರುಕ್ಕುರಳಿನ 79ನೆಯ ಅಧಿಕಾರಕ್ಕೆ ‘ನಟ್ಪು’ ಎಂದೇ ಹೆಸರು, ಅದರ ವಿಷಯ ಸ್ನೇಹ. ಸಮೀಪಿಸುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಈ ಶಬ್ದವು ತಮಿಳರಿಗೆ ಸ್ನೇಹಿತನನ್ನು ಕೊಟ್ಟಿತು, ನಮಗೆ ನೆಂಟನನ್ನು ಕೊಟ್ಟಿತು. ಅತ್ತ ಬಂಧುವರ್ಗವನ್ನು ಸೂಚಿಸಿದ ಶಬ್ದವು ಇತ್ತ ಗೆಳೆಯನಿಗೆ ಮೀಸಲಾಯಿತು. ಒಂದೇ ಮನೆಯ ಎರಡು ಮಾತುಗಳು ಎರಡು ನಾಡುಗಳಲ್ಲಿ ತಮ್ಮ ಸ್ಥಾನಗಳನ್ನು ಬದಲಾಯಿಸಿಕೊಂಡಂತಿದೆ. ಸ್ನೇಹವೂ ನೆಂಟಸ್ತಿಕೆಯೂ ಒಂದು ಕಾಲದಲ್ಲಿ ಒಂದೇ ಸಾಮೀಪ್ಯದ ಎರಡು ಮುಖಗಳಾಗಿದ್ದುವೆಂದು ಇದರಿಂದ ಊಹಿಸಬಹುದು.

ಕನ್ನಡದಲ್ಲಿ ಕೆಳೆಯನು ನಂಟನಿಂದ ಬೇರ್ಪಟ್ಟರೆ ಸಾಲದು, ಸೇವಕನಿಂದಲೂ ಬೇರ್ಪಡಬೇಕಾಗಿತ್ತು. ಮಧ್ಯಯುಗದ ಕರ್ಣಾಟಕದಲ್ಲಿ ಪ್ರಾಣವನ್ನೂ ಕೊಡುವ ನಿಷ್ಠೆಗೆ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಹೆಸರುಗಳಿದ್ದುವು. ಒಡೆಯನ ಧಾನ್ಯವನ್ನುಂಡವನು ಆ ಋಣವನ್ನು ರಣದಲ್ಲಿ ತೀರಿಸಬೇಕು. ವೇಳೆಗೊಂಡವನು ಒಡೆಯನೊಡನೆ ಮಡಿಯಬೇಕು. ಸುಮಾರು 1220ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ದಂಡನಾಯಕ ಲಕ್ಷ್ಮನೂ ಅವನ ಪತ್ನಿ ಸುಗ್ಗಲದೇವಿಯೂ ಪ್ರಾಣಾರ್ಪಣೆ ಮಾಡಿದುದನ್ನು ಹಳೇಬೀಡಿನ ಸ್ತಂಭಶಾಸನವು ಸಾರುತ್ತದೆ. ಈತನು ‘ಕುವರ ಲಕ್ಷ್ಮ’ನೆಂದು ಪ್ರಸಿದ್ಧನು, ಕುವರನೆಂದರೆ ಮಗನೆಂದಷ್ಟೆ. ಅರಸನಿಗೆ ಅಷ್ಟು ಹತ್ತಿರವಾಗಿದ್ದವನಿಗೂ ದೊರೆತ ಪ್ರೀತಿಯ ಹೆಸರು ಸಂತಾನವಾಚಕವೇ ಹೊರತು ಕೆಳೆಯನೆಂಬುದಲ್ಲ.

ಈ ಹಿನ್ನೆಲೆಯಲ್ಲಿ 941ರ ಪಂಪಭಾರತದ ಒಂದು ಸಂದರ್ಭವು ವಿಶೇಷ ವಿಚಾರಕ್ಕೆ ಯೋಗ್ಯವಾಗಿದೆ. ಕರ್ಣನಿಗೆ ಅಂಗರಾಜ್ಯವನ್ನು ಕೊಟ್ಟಾಗ ದುರ್ಯೋಧನನು ಬಯಸಿದ್ದು ಸಖ್ಯವನ್ನೇ ಎಂದು ವ್ಯಾಸಭಾರತದಲ್ಲಿಯೂ ಇದೆ. ಆದರೆ ಪಂಪನ ದುರ್ಯೋಧನನು ಅಷ್ಟಕ್ಕೆ ನಿಲ್ಲುವುದಿಲ್ಲ. ಅಡ್ಡಬೀಳುವುದು, ಜೀಯ ಎನ್ನುವುದು, ದಯೆ ಮಾಡೆಂದು ಬೇಡುವುದು, ಪ್ರಸಾದವೆಂದು ಸ್ವೀಕರಿಸುವುದು ಮೊದಲಾದ ಆಸ್ಥಾನದ ನಡವಳಿಕೆಗಳು ಇತರರೊಡನೆ ನಡೆಯಲಿ, ನಮ್ಮಿಬ್ಬರಲ್ಲಿ ಬೇಡವೆಂದು ನಿಷೇಧಿಸಿ, ಆಮೇಲೆ ರಾಧೇಯನನ್ನು ಕೆಳೆಯನೆಂದು ಕರೆಯುತ್ತಾನೆ. ಅರಿಕೇಸರಿಯ ಆಸ್ಥಾನದಲ್ಲಿಯೇ ಬಾಳಿದ ಕವಿಗೆ ಈ ಮಾತುಗಳ ತೂಕವು ತಿಳಿಯದುದಲ್ಲ. ಕೊಟ್ಟವನು ಕೊಟ್ಟ ಕ್ಷಣದಲ್ಲಿಯೇ ಋಣದ ಭಾಷೆಯನ್ನು ಅಳಿಸಿದನು. ಉಳಿದುದು ಕೆಳೆ ಮಾತ್ರ.

ಸುಮಾರು 1000ದ ಹೊತ್ತಿಗೆ ರಚಿತವಾದ ರನ್ನನ ಗದಾಯುದ್ಧದಲ್ಲಿ ಇದರ ಕೊನೆಯನ್ನು ಕಾಣುತ್ತೇವೆ. ಕರ್ಣನ ಕಳೇಬರದ ಮುಂದೆ ಮರುಗುವ ದುರ್ಯೋಧನನು, ಅವನ ಜನ್ಮರಹಸ್ಯವು ತನಗೂ ತಿಳಿದಿತ್ತೆಂದು ಹೇಳುತ್ತಾನೆ. ವೈರಿಗಳ ಅಣ್ಣನೆಂದು ಅರಿತೂ ಸೇನೆಯನ್ನು ಅವನಿಗೊಪ್ಪಿಸಿದ್ದನೆಂದಮೇಲೆ, ಈ ನಂಬಿಕೆಯು ನಂಟಿನ ಲೆಕ್ಕವನ್ನೂ ದಾಟಿದುದೆಂದು ಬೇರೆ ಹೇಳಬೇಕಾಗಿಲ್ಲ.

ಕರ್ಣನ ನಿಷ್ಠೆಯನ್ನು ಸ್ವಾಮಿಭಕ್ತಿಯೆಂದೇ ಪಾಠ ಹೇಳುವ ರೂಢಿಯುಂಟು. ಅವನ ಮಾತುಗಳಲ್ಲಿ ಋಣದ ಸ್ಮರಣೆಯು ಇಲ್ಲವೆಂದು ನಾವು ಹೇಳುವುದಿಲ್ಲ. ಕೊಟ್ಟವನು ಮರೆಯಬೇಕು, ಪಡೆದವನು ನೆನೆಯಬೇಕು ಎಂಬುದೇ ಕೆಳೆಯ ಧರ್ಮ. ಆದರೆ ‘ಕೆಳೆಯ’ನಿಗೆ ‘ಮಿತ್ರ’ನೆಂದು ಅರ್ಥ ಬರೆದು ಮುಂದೆ ಸಾಗಿದರೆ, ನೆಂಟನಿಂದಲೂ ಆಳಿನಿಂದಲೂ ಬೇರೆಯಾಗಿ ಆ ಶಬ್ದವು ಸಂಪಾದಿಸಿಕೊಂಡ ಘನತೆಯು ವಿದ್ಯಾರ್ಥಿಗೆ ತಿಳಿಯದೆ ಹೋಗುವುದು. ಕಕಾರವು ಗಕಾರವಾಗಿ ‘ಗೆಳೆಯ’ನೆಂದು ಉಳಿದುಬಂದ ಈ ಮಾತನ್ನೇ 1920ರ ದಶಕದಲ್ಲಿ ಬೇಂದ್ರೆಯವರು ಮೊದಲಾದವರು ಧಾರವಾಡದಲ್ಲಿ ತಮ್ಮ ‘ಗೆಳೆಯರ ಗುಂಪಿ’ಗೆ ಆರಿಸಿಕೊಂಡರು. ಒಡೆಯನಿಲ್ಲದ, ಕುಲವನ್ನು ಕೇಳದ ಕೂಟಕ್ಕೆ ಕನ್ನಡದಲ್ಲಿ ಅದಕ್ಕಿಂತ ಯುಕ್ತವಾದ ಹೆಸರು ದೊರೆಯುತ್ತಿರಲಿಲ್ಲ.