ಜರಡಿಯಿಂದ ಕಿಟಕಿಗೆ ಬಂದ ಜಾಲರಿ

ಕಳೆದ ಮಳೆಗಾಲದಲ್ಲಿ ಅಪ್ಪನಿಗೆ ಡೆಂಗಿ ಬಂತು. ಪ್ಲೇಟ್‌ಲೆಟ್ ಇಳಿಯುತ್ತಲೇ ಹೋದ ನಾಲ್ಕು ದಿನ ಆಸ್ಪತ್ರೆಯ ಕುರ್ಚಿಯಲ್ಲೇ ನನ್ನ ನಿದ್ದೆ. ಅವರು ಸುಧಾರಿಸಿಕೊಂಡು ಮನೆಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಕಿಟಕಿಯ ಸೊಳ್ಳೆ ಜಾಲರಿ ರಿಪೇರಿ. ಅಡುಗೆಮನೆಯದರಲ್ಲಿ ಬೆಕ್ಕು ಪರಚಿದ ತೂತು, ಮಲಗುವ ಕೋಣೆಯದು ಮೂಲೆಯಲ್ಲಿ ಕಿತ್ತು ಬಂದಿತ್ತು. ಫೈಬರ್ ಜಾಲರಿ ತಂದು, ಅಲ್ಯೂಮಿನಿಯಂ ಚೌಕಟ್ಟಿನ ಸಂದಿಯಿಂದ ಹಳೇ ರಬ್ಬರ್ ಎಳೆದು, ಹೊಸದನ್ನು ಒತ್ತಿ ಕೂರಿಸಿದೆ. "ಯಾರನ್ನಾದ್ರೂ ಕರೆಸಬಾರದೇನೋ" ಅಂತ ಅಮ್ಮ ಗೊಣಗಿದರು. ಮೊದಲ ಸಲ ತೀರಾ ಬಿಗಿಯಾಗಿ ಎಳೆದಿದ್ದಕ್ಕೆ ಚೌಕಟ್ಟೇ ಒಳಗೆ ಬಾಗಿತು! ನಾಲ್ಕೂ ಕಡೆ ಎರಡಿಂಚು ಜಾಸ್ತಿ ಬಿಟ್ಟು ಕತ್ತರಿಸಿ, ರಬ್ಬರ್ ಕೂತ ಮೇಲೆ ಅಂಚು ಕೊಯ್ಯಬೇಕು ಅಂತ ಆಮೇಲೆ ಗೊತ್ತಾಯಿತು.

ಇಷ್ಟೆಲ್ಲಾ ಮಾಡುವಾಗ ತಲೆಗೆ ಬಂದ ಪ್ರಶ್ನೆ: ಈ ಜಾಲರಿ ಕಿಟಕಿಗೆ ಬಂದಿದ್ದು ಯಾವಾಗ?

ಹುಡುಕಿದರೆ ಸಿಕ್ಕಿದ್ದು ನಮ್ಮ ಅಡುಗೆಮನೆಯ ಜರಡಿ! ಅಮೆರಿಕದ ಕನೆಕ್ಟಿಕಟ್‌ನಲ್ಲಿ ಗಿಲ್ಬರ್ಟ್ ಅಂಡ್ ಬೆನೆಟ್ ಎಂಬ ಕಂಪನಿ ಇತ್ತು. ಮೊದಲು ಕುದುರೆ ಕೂದಲಿನ, ಆಮೇಲೆ ತಂತಿಯ ಜರಡಿ ಮಾಡುತ್ತಿದ್ದವರು. 1861ರಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ರಾಜ್ಯಗಳ ವ್ಯಾಪಾರ ನಿಂತುಹೋಯಿತು. ಉಳಿದುಹೋದ ತಂತಿಬಲೆಗೆ ಬಣ್ಣ ಬಳಿದು ಕಿಟಕಿಗೆ ಮಾರಬಹುದು ಅಂತ ಅಲ್ಲಿನ ಕೆಲಸಗಾರನೊಬ್ಬನಿಗೆ ಹೊಳೆಯಿತಂತೆ. ಆಗ ಜನ ಅದನ್ನು ಹಾಕಿಸಿಕೊಂಡಿದ್ದು ನೊಣ, ಸೊಳ್ಳೆಯ ಕಾಟಕ್ಕೆ. ಸೊಳ್ಳೆ ಕಾಯಿಲೆ ಹರಡುತ್ತದೆ ಅಂತ ಇನ್ನೂ ಗೊತ್ತಿರಲಿಲ್ಲ.

ಅದನ್ನು ಕಂಡುಹಿಡಿದವರಲ್ಲಿ ಒಬ್ಬ ರೊನಾಲ್ಡ್ ರಾಸ್. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ನೋಡಿದ. ಆದರೆ ನನಗೆ ಇಷ್ಟವಾಗಿದ್ದು ಅದಕ್ಕೂ ಹಿಂದಿನ, ನಮ್ಮ ಬೆಂಗಳೂರಿನ ಕಥೆ. 1883ರಲ್ಲಿ ಇಲ್ಲಿ ಸೈನ್ಯದ ವೈದ್ಯನಾಗಿದ್ದಾಗ ತನ್ನ ಕೋಣೆಗೇ ಯಾಕೆ ಇಷ್ಟು ಸೊಳ್ಳೆ ಅಂತ ನೋಡಿದರೆ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯ ತುಂಬಾ ಮರಿಹುಳುಗಳು. ಮಗುಚಿ ಹಾಕಿದ, ಸೊಳ್ಳೆ ಕಮ್ಮಿಯಾಯಿತು.

ಜಾಲರಿಗೆ ನಿಜವಾದ ಪರೀಕ್ಷೆ ನಡೆದದ್ದು 1900ರಲ್ಲಿ, ಇಟಲಿಯಲ್ಲಿ. ಮಲೇರಿಯಾಕ್ಕೆ ಕುಖ್ಯಾತವಾದ ಕಪಾಚೋ ಬಯಲಿನಲ್ಲಿ ಬಟಿಸ್ಟಾ ಗ್ರಾಸಿ 112 ಜನರನ್ನು ಮುಸ್ಸಂಜೆಯಿಂದ ಬೆಳಗಿನವರೆಗೆ ಸೊಳ್ಳೆ ಕಚ್ಚದಂತೆ ಕಾಪಾಡಿದ. ಜ್ವರ ಬಂದಿದ್ದು ಐದೇ ಜನಕ್ಕೆ. ರಕ್ಷಣೆಯಿಲ್ಲದ 415 ಜನರೂ ಜ್ವರ ಬಿದ್ದರು. ಅದೇ ವರ್ಷ ಲೋ ಮತ್ತು ಸಾಂಬೋನ್ ಎಂಬ ವೈದ್ಯರು ರೋಮ್ ಹತ್ತಿರದ ಜೌಗು ಪ್ರದೇಶದಲ್ಲಿ ಜಾಲರಿ ಹೊಡೆದ ಗುಡಿಸಲಿನಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ ಇದ್ದು ಆರೋಗ್ಯವಾಗಿ ವಾಪಸ್ ಬಂದರು.

ಇನ್ನು ಪನಾಮ. 1880ರ ದಶಕದಲ್ಲಿ ಕಾಲುವೆ ತೋಡಲು ಹೋದ ಫ್ರೆಂಚರು ಅಂಕೋನ್‌ನಲ್ಲಿ ಚೆಂದದ ಆಸ್ಪತ್ರೆ ಕಟ್ಟಿದ್ದರು. ಇರುವೆ ಹತ್ತದಿರಲಿ ಅಂತ ಮಂಚದ ಕಾಲುಗಳ ಕೆಳಗೆ ನೀರಿನ ಬಟ್ಟಲು. ಕಿಟಕಿಗೆ ಮಾತ್ರ ಜಾಲರಿ ಇಲ್ಲ. ಸೊಳ್ಳೆ ಹುಟ್ಟುತ್ತಿದ್ದದ್ದೇ ರೋಗಿಯ ಹಾಸಿಗೆ ಪಕ್ಕದಲ್ಲಿ! ಬೇರೆ ಕಾಯಿಲೆಗೆ ಅಂತ ಸೇರಿದವರಿಗೂ ಅಲ್ಲೇ ಹಳದಿ ಜ್ವರ ಅಂಟುತ್ತಿತ್ತು. 1904ರಲ್ಲಿ ಅಮೆರಿಕದ ಡಾ. ವಿಲಿಯಂ ಗೋರ್ಗಸ್ ಬಂದ ಮೇಲೆ ಕಿಟಕಿಗಳಿಗೆ ಜಾಲರಿ ಹಾಕಿಸುವುದರ ಜೊತೆಗೆ ಮನೆಮನೆಯ ನೀರನ್ನೂ ಚೆಲ್ಲಿಸಿದ, ಮುಚ್ಚಿಸಿದ. 1905 ಮುಗಿಯುವಷ್ಟರಲ್ಲಿ ಪನಾಮ ನಗರದಲ್ಲಿ ಹಳದಿ ಜ್ವರ ನಿಂತಿತು.

ಇದನ್ನು ಓದಿದ ದಿನವೂ ಹಾಲ್‌ನಲ್ಲಿ ಕಾಲಿಗೆ ಸೊಳ್ಳೆ ಕಚ್ಚುತ್ತಿತ್ತು. ಹಾಡಹಗಲಲ್ಲಿ. ತೂತು ಎಲ್ಲಿ ಬಿಟ್ಟೆ ಅಂತ ಟಾರ್ಚ್ ಹಿಡಿದು ಪ್ರತಿ ಕಿಟಕಿ ನೋಡಿದೆ. ಒಂದೂ ಇಲ್ಲ. ಪನಾಮದ ಬಟ್ಟಲುಗಳು ನೆನಪಾಗಿ, ಕೊನೆಗೆ ಅಪ್ಪ ಪೇಪರ್ ಓದುವ ಮೂಲೆಯ ಮನಿ ಪ್ಲಾಂಟ್ ಬಾಟಲಿಗೆ ಬೆಳಕು ಬಿಟ್ಟೆ. ಬೇರುಗಳ ನಡುವೆ ಮರಿಗಳು ಪುಳಕ್ ಪುಳಕ್ ಅಂತ ಓಡಾಡುತ್ತಿದ್ದವು. ಡೆಂಗಿ ಸೊಳ್ಳೆಗೆ ಬೇಕಾದದ್ದು ಇಂಥ ತಿಳಿನೀರೇ. ದಿನವಿಡೀ ಬಗ್ ಹುಡುಕುವ ಕೆಲಸದ ನಾನು, ಅದನ್ನು ಒಳಗೇ ಬಿಟ್ಟು ಕಿಟಕಿಗಳನ್ನೆಲ್ಲಾ ಭದ್ರ ಮಾಡಿದ್ದೆ.

ಈಗ ಆ ಗಿಡ ಮಣ್ಣಿನ ಕುಂಡದಲ್ಲಿದೆ. ಬಾಟಲಿಗೆ ನೀರು ಹಾಕುತ್ತಿದ್ದವರು ಅಪ್ಪನೇ. ಯಾಕೆ ಬದಲಾಯಿಸಿದೆ ಅಂತ ಅವರಿಗೆ ಹೇಳಿಲ್ಲ, ಅವರೂ ಕೇಳಿಲ್ಲ.

ಜಾಲರಿ ಹಾಕಿಸಿ, ಒಳ್ಳೆಯದೇ. ಆದರೆ ವಾರಕ್ಕೊಂದು ಸಲ ಫ್ರಿಜ್ ಹಿಂದಿನ ಟ್ರೇ, ಕುಂಡದ ಕೆಳಗಿನ ತಟ್ಟೆ, ಹೂದಾನಿ ನೋಡಿ, ನೀರಿದ್ದರೆ ಚೆಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಹೆಚ್ಚುಕಮ್ಮಿ ವಾರ, ಹತ್ತು ದಿನ ಸಾಕು.