ದೇವಾಲಯದ ಬಯಲೂ ಬಂಧುಗಳ ಪಂಕ್ತಿಯೂ

ಶತಮಾನೋತ್ಸವದ ಸಂಚಿಕೆಯೆಂದರೆ ಅಡಿಗಲ್ಲಿಟ್ಟ ದಿನ, ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ಗಂಟೆಯನ್ನು ಎಲ್ಲಿಂದ ತರಿಸಿದರು, ಬಲಿಪೀಠಕ್ಕೆ ಯಾರು ಕಾಣಿಕೆ ಕೊಟ್ಟರು ಎಂಬ ವಿವರಗಳು ಸಹಜವಾಗಿಯೇ ಮೊದಲ ಸ್ಥಾನ ಪಡೆಯುತ್ತವೆ. ಅವುಗಳಿಗೆ ಬೇರೆ ಪುಟಗಳಿವೆ. ಹಬ್ಬದ ಬಲಿಪೂಜೆ ಮುಗಿದ ಮೇಲೆ ಮರಗಳ ನೆರಳಿನಲ್ಲಿ, ಪರಊರುಗಳಿಂದ ಬಂದ ನೆಂಟರೊಡನೆ ನಮ್ಮ ಜನ ಕುಳಿತು ಉಣ್ಣುವ ಬಯಲೂಟದ ಸಂಗತಿಯನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಧರ್ಮಕೇಂದ್ರದ ದಾಖಲೆಗಳಲ್ಲಿ ಜ್ಞಾನಸ್ನಾನಕ್ಕೆ, ಮದುವೆಗೆ, ಮರಣಕ್ಕೆ ಪುಸ್ತಕಗಳುಂಟು, ಊಟಕ್ಕೆ ಇಲ್ಲ. ಆದರೂ ಹಾಸನ ಸೀಮೆಯ ಕಥೋಲಿಕರ ಚರಿತ್ರೆಯಲ್ಲಿ ಅದಕ್ಕೊಂದು ಅಧ್ಯಾಯ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಧರ್ಮಸಭೆಯಲ್ಲಿ ಈ ಪದ್ಧತಿ ಹೊಸದಲ್ಲ. ಕ್ರಿ. ಶ. 601ರಲ್ಲಿ ಜಗದ್ಗುರು ಮಹಾ ಗ್ರೆಗರಿಯವರು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್ ಎಂಬ ಮಠಾಧಿಪತಿಗೆ ಒಂದು ಪತ್ರ ಬರೆದರು. ಹೊಸದಾಗಿ ವಿಶ್ವಾಸಿಗಳಾದ ಅಲ್ಲಿನ ಜನರು ದೇವಾಲಯದ ಪ್ರತಿಷ್ಠೆಯ ದಿನವೂ ರಕ್ತಸಾಕ್ಷಿಗಳ ಹಬ್ಬದಂದೂ ದೇವಾಲಯದ ಸುತ್ತಲೂ ಮರದ ಕೊಂಬೆಗಳಿಂದ ಚಪ್ಪರ ಹಾಕಿಕೊಂಡು, ದೇವರನ್ನು ಸ್ತುತಿಸುತ್ತ ಔತಣ ಮಾಡಲಿ ಎಂಬುದು ಅದರಲ್ಲಿನ ಒಂದು ಸಲಹೆ. ಜನರ ಹಳೆಯ ಸಂತೋಷಗಳನ್ನು ಒಮ್ಮೆಲೇ ಕಿತ್ತುಹಾಕದೆ, ಅವನ್ನು ದೇವರ ಕಡೆಗೆ ತಿರುಗಿಸುವುದು ಅವರ ವಿವೇಕ. ನಮ್ಮ ಹಬ್ಬದ ಚಪ್ಪರಗಳನ್ನು ನೋಡಿದಾಗಲೆಲ್ಲ ಆ ಪತ್ರ ನೆನಪಾಗುತ್ತದೆ.

ಅದೇ ವಿವೇಕ ನಮ್ಮ ಸೀಮೆಯಲ್ಲಿ ಕಾಣಿಸಿದ್ದು ಅಬ್ಬೆ ದುಬುವಾ ಅವರಲ್ಲಿ. 1765ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ 1792ರಲ್ಲಿ ಭಾರತಕ್ಕೆ ಬಂದ ಈ ಗುರುಗಳು 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬೇಸಾಯಗಾರರ ನೆಲೆಯೊಂದನ್ನು ಸ್ಥಾಪಿಸಿದರು. ಸಿಡುಬು ನಿವಾರಣೆಗೆ ದೇವಿ ಹಾಕುವ ಕ್ರಮವನ್ನು ಹಳ್ಳಿಗಳಲ್ಲಿ ಹರಡಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದರು. ಈ ನಾಡಿನ ಉಡುಪು ತೊಟ್ಟು, ಇಲ್ಲಿಯ ರೀತಿನೀತಿಗಳನ್ನು ಅನುಸರಿಸಿದ್ದರಿಂದಲೇ ಎಲ್ಲ ಜಾತಿಯವರೂ ತಮ್ಮನ್ನು ಬರಮಾಡಿಕೊಂಡರೆಂದು ಅವರೇ ಬರೆದಿದ್ದಾರೆ. ಯಾರು ಯಾರೊಡನೆ ಉಣ್ಣುತ್ತಾರೆ, ಯಾರೊಡನೆ ಉಣ್ಣುವುದಿಲ್ಲ ಎಂಬುದು ಈ ದೇಶದಲ್ಲಿ ಎಷ್ಟು ದೊಡ್ಡ ವಿಷಯವೆಂದು ಅವರು ಬಲ್ಲರು. (1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಈ ನಾಡಿನ ಕ್ರೈಸ್ತ ಧರ್ಮದ ಭವಿಷ್ಯದ ಬಗೆಗೆ ಅವರು ಬಹಳ ನಿರಾಶರಾಗಿದ್ದರು. ಆ ನಿರಾಶೆಯನ್ನು ಒಪ್ಪಲು ನನ್ನಿಂದಾಗದು.) ದಕ್ಷಿಣ ಭಾರತದ ಹಲವು ದೇವಾಲಯಗಳ ಒಳಗೇ ಜಾತಿಗೊಂದು ಜಾಗವೆಂಬ ಪದ್ಧತಿ ಇದ್ದುದು ಮರೆಮಾಚುವ ಸಂಗತಿಯಲ್ಲ. ಬಲಿಪೀಠದ ಮುಂದೆ ಒಟ್ಟಿಗೆ ಮಂಡಿಯೂರಿದವರು ಎಲೆಯ ಮುಂದೆ ಬೇರೆಬೇರೆಯಾದರೆ ಆ ಪೂಜೆ ಅರ್ಧಕ್ಕೇ ನಿಂತಂತೆ. ಆದ್ದರಿಂದ ನಮ್ಮ ಹಿರಿಯರ ಬಯಲೂಟವನ್ನು ನಾನು ಬರಿಯ ಸಡಗರವೆಂದು ಎಣಿಸುವುದಿಲ್ಲ.

ಇನ್ನು ಶೆಟ್ಟಿಹಳ್ಳಿಯ ಮಾತು. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಅಲ್ಲಿ ಜಪಮಾಲೆ ಮಾತೆಯ ದೇವಾಲಯವನ್ನು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಸುತ್ತಲಿನ ಹಳ್ಳಿಗಳ ಭಕ್ತರಿಗೆ ಅದು ತವರುಮನೆಯಂತಿತ್ತು. ಬಳಿಕ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಲಾಯಿತು. 1979ರಲ್ಲಿ ಕೆಲಸ ಮುಗಿಯಿತು. ಜಲಾಶಯದ ಹಿನ್ನೀರು ದೇವಾಲಯವನ್ನೂ ಮನೆಗಳನ್ನೂ ಹೊಲಗಳನ್ನೂ ಆವರಿಸಿತು. ಜನ ಬೇರೆಬೇರೆ ಕಡೆಗಳಲ್ಲಿ ನೆಲೆಸಿದರು. ಅಕ್ಕಪಕ್ಕದ ಮನೆಗಳಲ್ಲಿದ್ದ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ನೆಂಟರಾದರು. ಒಬ್ಬರನ್ನೊಬ್ಬರು ಕಾಣಲು ಬಸ್ಸು ಹತ್ತಬೇಕಾಯಿತು.

ಅದೇ ನೀರು ನಾಲೆಗಳಲ್ಲಿ ಹರಿದು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗದ್ದೆಗಳನ್ನು ತಲುಪಿತು. ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಯ ನಾವು ಇದನ್ನು ಮರೆಯುವಂತಿಲ್ಲ. ಹಬ್ಬದ ದಿನ ನಮ್ಮ ಎಲೆಗೆ ಬೀಳುವ ಅನ್ನದಲ್ಲಿ ಅವರು ಬಿಟ್ಟುಬಂದ ಮನೆಗಳ ಪಾಲೂ ಇದೆ.

ಮಳೆಗಾಲದಲ್ಲಿ ಹಿನ್ನೀರು ತುಂಬಿದಾಗ ದೇವಾಲಯದ ಕಮಾನುಗಳು ನೀರಿನಲ್ಲಿ ನಿಂತಿರುತ್ತವೆ. ಬೇಸಗೆಯ ಹೊತ್ತಿಗೆ ನೀರು ಇಳಿದು ನೆಲ ಕಾಣಿಸುತ್ತದೆ. ಆಗ ಬೆಂಗಳೂರು, ಮೈಸೂರುಗಳಿಂದ ರಜೆಗೆ ಬಂದ ನೆಂಟರನ್ನು ಕರೆದುಕೊಂಡು ಕುಟುಂಬಗಳು ಅಲ್ಲಿಗೆ ಹೋಗುವುದನ್ನು ಕಂಡಿದ್ದೇನೆ. ಬುತ್ತಿ ಕಟ್ಟುವುದರಲ್ಲಿ ನಮ್ಮ ತಾಯಂದಿರಿಗೆ ಸಮಾನರಿಲ್ಲ: ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಚಿತ್ರಾನ್ನ, ಮೊಸರನ್ನ, ಮಾಂಸಾಹಾರ ಉಣ್ಣುವ ದಿನವಾದರೆ ಕೋಳಿಸಾರು. ಮೊದಲು ಗೋಡೆಯ ಎದುರು ನಿಂತು ಒಂದು ಜಪಸರ, ಸತ್ತವರಿಗಾಗಿ ಒಂದು ಪ್ರಾರ್ಥನೆ. ಆಮೇಲೆ ಚಾಪೆ ಹಾಸುವುದು. ಮುತ್ತುಗದ ಎಲೆಯ ಮುಂದೆ ಪಟ್ಟಣದ ಮಕ್ಕಳು ಮೊದಲು ಕಾಲು ಮಡಿಸಲು ತಡಕಾಡಿ, ಎರಡನೆಯ ಸಲ ಬಡಿಸುವ ಹೊತ್ತಿಗೆ ಯಾರ ಅಜ್ಜ ಯಾರಿಗೆ ಏನಾಗಬೇಕೆಂಬುದನ್ನು ಕಲಿತುಬಿಟ್ಟಿರುತ್ತಾರೆ. ಧರ್ಮೋಪದೇಶದ ತರಗತಿಯಲ್ಲಿ ಅಷ್ಟು ಬೇಗ ಏನನ್ನೂ ಕಲಿತದ್ದು ನಾನು ನೋಡಿಲ್ಲ!

ಇಲ್ಲಿ ಗುರುವಾದವನು ಒಂದು ಕಟುಮಾತನ್ನೂ ಆಡಬೇಕಾಗುತ್ತದೆ. ಸಂತ ಅಗಸ್ಟೀನರ ತಾಯಿ ಸಂತ ಮೋನಿಕ, ತಮ್ಮ ನಾಡಿನ ರೂಢಿಯಂತೆ ಬುಟ್ಟಿಯಲ್ಲಿ ಗಂಜಿ, ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಮಿಲಾನಿನಲ್ಲಿ ಸಂತರ ಸಮಾಧಿಗಳಿಗೆ ಹೋದಾಗ ದ್ವಾರಪಾಲಕನು ತಡೆದನು. ಅಂಥ ಊಟಗಳು ಕುಡಿತಕ್ಕೆ ನೆಪವಾಗಿದ್ದರಿಂದ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರು ಅವನ್ನು ನಿಷೇಧಿಸಿದ್ದರು. ಮೋನಿಕಮ್ಮನವರು ಗೊಣಗಲಿಲ್ಲ, ಆ ಆಹಾರವನ್ನು ಬಡವರಿಗೆ ಕೊಡಲಾರಂಭಿಸಿದರು. ಶೆಟ್ಟಿಹಳ್ಳಿಯ ಗೋಡೆಗಳ ಬುಡದಲ್ಲಿ ಬಾಟಲಿ ಚೂರುಗಳನ್ನೂ ಪ್ಲಾಸ್ಟಿಕ್ ತಟ್ಟೆಗಳನ್ನೂ ಕಂಡಾಗ ಅಂಬ್ರೋಸರ ಆಜ್ಞೆ ಕಠಿಣವೆನಿಸುವುದಿಲ್ಲ. ನೀರಿನಲ್ಲಿ ನೆನೆದು ಬಿಸಿಲಿಗೆ ಒಣಗಿದ ಆ ಗೋಡೆಗಳು ಈಗ ದುರ್ಬಲವಾಗಿವೆ; ಅವುಗಳ ಕೆಳಗೆ ಒಲೆ ಹೂಡುವುದೂ ಮಕ್ಕಳನ್ನು ಹತ್ತಲು ಬಿಡುವುದೂ ಸಲ್ಲದು. ಊಟಕ್ಕೆ ದೂರದ ಮರದ ನೆರಳು ಸಾಕು.

ಊಟವಾದ ಮೇಲೆ ಮನೆಯ ಹಿರಿಯರು ಕೈಚಾಚಿ, ಇಲ್ಲಿ ಬಾವಿ ಇತ್ತು, ಅಲ್ಲಿ ನಮ್ಮ ಕಣ, ಆಚೆ ಚಿಕ್ಕಪ್ಪನ ಹಿತ್ತಲು ಎಂದು ತೋರಿಸುವುದುಂಟು. ಹಾಗೆ ತೋರಿಸಬಲ್ಲವರು ಈಗ ಕೆಲವರೇ ಉಳಿದಿದ್ದಾರೆ. ಮುಂದಿನ ಬೇಸಗೆಯಲ್ಲಿ ನೀರು ಇಳಿದಾಗ ಹೋಗುವವರು ಅವರನ್ನು ಬಿಟ್ಟುಹೋಗದೆ, ಗಾಡಿಯಲ್ಲಿ ಮುಂದಿನ ಆಸನದಲ್ಲಿ ಕೂರಿಸಿಕೊಂಡು ಹೋಗಬೇಕೆಂದೂ, ಅವರು ಹೇಳುವ ಹೆಸರುಗಳನ್ನು ಮೊಮ್ಮಕ್ಕಳ ಕೈಯಲ್ಲಿ ಬರೆಸಿ ಧರ್ಮಕೇಂದ್ರದ ಕಚೇರಿಗೆ ತಂದುಕೊಡಬೇಕೆಂದೂ ಕೋರುತ್ತೇನೆ.