ಹೋಶಂಗಾಬಾದಿನ ಬೇಸಿಗೆ

ಮೇ ತಿಂಗಳೆಂದರೆ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ. ಟೀಚರುಗಳಿಗೆ ಮಾತ್ರ ಅದೇ ಬಿಸಿಲಿನಲ್ಲಿ ತರಬೇತಿಯ ಕರೆ ಬರುತ್ತಿತ್ತು. ಗೊಣಗುತ್ತಲೇ ಹೋಗುತ್ತಿದ್ದೆವು. ಅಂಥದೊಂದು ಶಿಬಿರದಲ್ಲಿ, ಬಿ.ಎ. ಓದಿಯೂ ವಿಜ್ಞಾನದ ಪಾಠ ಮಾಡಬೇಕಾಗಿದ್ದ ನನ್ನ ಕೈಗೆ ಒಂದು ಸೆಲ್ಲು, ಒಂದು ಟಾರ್ಚಿನ ಬಲ್ಬು, ಒಂದೇ ತುಂಡು ತಂತಿ ಕೊಟ್ಟು, "ಹೊತ್ತಿಸಿ ನೋಡೋಣ" ಎಂದರು. ಎಷ್ಟೋ ವರ್ಷ ಬೋರ್ಡಿನ ಮೇಲೆ ವಿದ್ಯುನ್ಮಂಡಲದ ಚಿತ್ರ ಬರೆದವಳು ನಾನು. ಬಲ್ಬು ಹೊತ್ತಲಿಲ್ಲ. ಅದರ ತುದಿ ಸೆಲ್ಲಿಗೆ ತಾಗಬೇಕು, ತಂತಿ ಅದರ ಲೋಹದ ಮೈಗೆ ತಾಗಬೇಕು ಎಂದು ಹೊಳೆಯಲು ಅರ್ಧ ಗಂಟೆ ಬೇಕಾಯಿತು. ನಾಚಿಕೆಯಿಂದ ಬೆವೆತುಹೋಗಿದ್ದೆ.

ಇಂಥ ಶಿಬಿರಗಳ ಹಳೆಯ ಕತೆ ಹುಡುಕುತ್ತ ಹೋದಾಗ ಸಿಕ್ಕಿದ್ದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆ. ಈಗ ಅದರ ಹೆಸರು ನರ್ಮದಾಪುರಂ. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗ ಮಾಡುತ್ತ ವಿಜ್ಞಾನ ಕಲಿಸುವ ಕೆಲಸ ಶುರುಮಾಡಿದವು. ಬೇಸಿಗೆಯಲ್ಲಿ ಹಳ್ಳಿಯ ಮೇಷ್ಟ್ರುಗಳು ಮಕ್ಕಳ ಹಾಗೆ ಗುಂಪುಗೂಡಿ ಪ್ರಯೋಗಗಳನ್ನು ತಾವೇ ಮಾಡಿ ನೋಡಬೇಕಿತ್ತು. ದೆಹಲಿ ವಿಶ್ವವಿದ್ಯಾಲಯದ, ಮುಂಬಯಿಯ ಟಾಟಾ ಸಂಸ್ಥೆಯ ವಿಜ್ಞಾನಿಗಳೂ ಬಂದು ಕಲಿಸಿದರು. 'ಬಾಲ ವೈಜ್ಞಾನಿಕ' ಎಂಬ ಅವರ ಪುಸ್ತಕದಲ್ಲಿ ಪ್ರಶ್ನೆಗಳಿದ್ದವು, ಸಿದ್ಧ ಉತ್ತರಗಳಿರಲಿಲ್ಲ. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಕೂರಬಹುದಿತ್ತು. ಬಾಯಿಪಾಠದಿಂದಲೇ ಬಿ.ಎ. ಮುಗಿಸಿದ ನನಗೆ ಇದನ್ನೋದಿ ಹೊಟ್ಟೆಯುರಿಯಿತು!

1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ರಾಜ್ಯದ ಬೇರೆ ಮಕ್ಕಳು ಓದುವ ಪುಸ್ತಕವನ್ನೇ ಇವರೂ ಓದಲಿ ಎಂದು 2002ರಲ್ಲಿ ಸರ್ಕಾರ ನಿಲ್ಲಿಸಿಬಿಟ್ಟಿತು. ಮೂವತ್ತು ವರ್ಷ ನಡೆದದ್ದನ್ನು ಹೀಗೆ ನಿಲ್ಲಿಸಿದ್ದು ನನಗೆ ಇಂದಿಗೂ ಸರಿ ಅನ್ನಿಸಿಲ್ಲ. ಅದಿರಲಿ, ಅಲ್ಲಿಗೆ ವಾರಗಟ್ಟಲೆ ತರಬೇತಿಗೆ ಬಂದ ಹೆಂಗಸರಿದ್ದರೆ, ಅವರ ಮನೆಯ ಒಲೆ ಯಾರು ಹಚ್ಚುತ್ತಿದ್ದರೋ! ನನ್ನ ಶಿಬಿರ ಐದೇ ದಿನದ್ದು. ಅಷ್ಟಕ್ಕೇ ಅತ್ತೆಯವರು ಎರಡು ದಿನ ಮಾತು ಬಿಟ್ಟಿದ್ದರು.

ಜೂನ್‌ನಲ್ಲಿ ಶಾಲೆ ತೆರೆದಾಗ ಮನೆಯ ಹಳೇ ಟಾರ್ಚು ಬಿಚ್ಚಿ ಬಲ್ಬು, ಸೆಲ್ಲು ಒಯ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ನನಗಿಂತ ಬೇಗ ಹೊತ್ತಿಸಿದಳು. "ಟೀಚರ್, ಸೆಲ್ಲು ತಿರುಗಿಸಿ ಹಿಡಿದರೂ ಹೊತ್ತುತ್ತಲ್ಲ, ಯಾಕೆ?" ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ. ತರಗತಿಯಲ್ಲಿ ಆ ಮಾತು ಆಡಿದ್ದು ಅದೇ ಮೊದಲು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಬೆಂಚುಗಳನ್ನು ಎಳೆದುಕೊಂಡು ಹತ್ತಿರ ಬಂದರು.